ಸಹಿ ಹಾಕಿದ ತೂಕ

ನಾನು ಸಹಿ ಹಾಕಿ ಕಳಿಸಿದ ಕಾಗದದಲ್ಲಿ 24,100 ಕೆ.ಜಿ. ಎಂದಿತ್ತು. ಬಂದರಿನಲ್ಲಿ ಅದೇ ಕಂಟೇನರನ್ನು ತೂಗಿದಾಗ 28,150 ಬಂತು. ನಾಲ್ಕು ಟನ್ನಿಗೂ ಮೇಲೆ ವ್ಯತ್ಯಾಸ. ಯಾರೂ ಕದ್ದು ಕಲ್ಲು ತುಂಬಿರಲಿಲ್ಲ, ದಾರಿಯಲ್ಲಿ ಯಾರೂ ಸೀಲು ಒಡೆದಿರಲಿಲ್ಲ. ಹೊಸಪೇಟೆ ಹೊರವಲಯದ ಗ್ರಾನೈಟ್ ಯಾರ್ಡಿನಲ್ಲಿ ನನ್ನ ಕಣ್ಣೆದುರೇ ತುಂಬಿ, ನನ್ನೆದುರೇ ಬಾಗಿಲು ಹಾಕಿದ ಪೆಟ್ಟಿಗೆ ಅದು. ಲೆಕ್ಕ ತಪ್ಪಿದವನು ನಾನು. ಅದಕ್ಕಿಂತ ದೊಡ್ಡ ತಪ್ಪು, ತೂಗದೆಯೇ ತೂಗಿದ್ದೇನೆ ಎನ್ನುವ ಕಾಗದಕ್ಕೆ ಸಹಿ ಹಾಕಿದ್ದು.

ಆ ಕಾಗದಕ್ಕೆ ವಿಜಿಎಂ ಎನ್ನುತ್ತಾರೆ. ಸರಕು, ಮರ, ಪಟ್ಟಿ, ಖಾಲಿ ಕಂಟೇನರ್ ಎಲ್ಲ ಸೇರಿದ ಒಟ್ಟು ತೂಕ ಇಷ್ಟು, ಅದನ್ನು ನಾನು ಪರೀಕ್ಷಿಸಿದ್ದೇನೆ ಎಂಬ ಘೋಷಣೆ. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ದೇಶಗಳು ಕೂಡಿ ಮಾಡಿಕೊಂಡ ಸೋಲಾಸ್ ಎಂಬ ಕಡಲ ಸುರಕ್ಷತೆಯ ಒಪ್ಪಂದವಿದೆ; ಕಾಲಕಾಲಕ್ಕೆ ಹೊಸದಾಗುತ್ತ ಬಂದಿದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2014ರ ನವೆಂಬರಿನಲ್ಲಿ ಅದರ 6ನೇ ಅಧ್ಯಾಯವನ್ನು ತಿದ್ದಿತು. 2016ರ ಜುಲೈ 1ರಿಂದ, ಈ ಘೋಷಣೆ ಇಲ್ಲದ ತುಂಬಿದ ಕಂಟೇನರನ್ನು ಹಡಗಿಗೆ ಹತ್ತಿಸುವಂತಿಲ್ಲ. ತೂಕ ಹೇಳುವ ಹೊಣೆ ಸರಕು ಕಳಿಸುವವನದು. ಲಾರಿಯವನದಲ್ಲ, ಕಸ್ಟಮ್ಸ್ ಏಜೆಂಟನದಲ್ಲ, ಬಂದರಿನದೂ ಅಲ್ಲ. ದಾರಿ ಎರಡೇ. ತುಂಬಿ ಸೀಲು ಹಾಕಿದ ಕಂಟೇನರನ್ನು ಇಡಿಯಾಗಿ ತೂಗುವುದು ಒಂದು. ಒಳಗೆ ಹೋಗುವ ಪ್ರತಿಯೊಂದನ್ನೂ, ಆಧಾರದ ಮರದ ತುಂಡನ್ನೂ ಬಿಡದೆ, ಬೇರೆಬೇರೆ ತೂಗಿ ಕೂಡಿಸಿ, ಬಾಗಿಲ ಮೇಲೆ ಬರೆದಿರುವ ಖಾಲಿ ತೂಕವನ್ನು ಸೇರಿಸುವುದು ಇನ್ನೊಂದು. ಅಂದಾಜು ಮಾಡುವುದು ಎರಡರಲ್ಲೂ ಇಲ್ಲ. ನಾನು ಮಾಡುತ್ತಿದ್ದುದು ಅಂದಾಜು.

ನನ್ನೂರು ಕಂಪ್ಲಿ ತಾಲ್ಲೂಕಿನ ಮೆಟ್ರಿ. ತೂಕದ ಬಗ್ಗೆ ಅಸಡ್ಡೆ ಇರುವ ಮನೆಯಲ್ಲೇನೂ ನಾನು ಬೆಳೆಯಲಿಲ್ಲ. ತುಂಗಭದ್ರೆಯ ಕಾಲುವೆ ನೀರು ಹರಿದ ನಮ್ಮ ಸೀಮೆಯಲ್ಲಿ ಭತ್ತದ ಬೆಲೆ ಹೇಳುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಕಾಟಾ ಹಾಕುವ ದಿನ ನಮ್ಮಪ್ಪ ಊಟಕ್ಕೂ ಏಳುತ್ತಿರಲಿಲ್ಲ. ಮುಳ್ಳು ನಿಲ್ಲುವ ಮೊದಲೇ ಹಮಾಲ ಚೀಲ ಎಳೆದರೆ ಕೂಗಿ ನಿಲ್ಲಿಸುತ್ತಿದ್ದ. ತೇವ ಅಂತ ಚೀಲಕ್ಕಿಷ್ಟು, ಕಸ ಅಂತ ಇಷ್ಟು ಎಂದು ಸಾಹುಕಾರ ಕಡಿತ ಹಾಕಿದರೆ ಜಗಳವಾಡಿ ಅರ್ಧ ಕೆ.ಜಿ. ಉಳಿಸಿಕೊಂಡು ಬರುತ್ತಿದ್ದ. ಕಾಟಾದ ಆಚೆ ಒಬ್ಬ, ಈಚೆ ಒಬ್ಬ. ಒಬ್ಬನಿಗೆ ಹೋದದ್ದು ಇನ್ನೊಬ್ಬನಿಗೆ ಬರುತ್ತದೆ. ಹಾಗಾಗಿ ಇಬ್ಬರ ಕಣ್ಣೂ ಮುಳ್ಳಿನ ಮೇಲೆ. ತೂಕವೆಂದರೆ ದುಡ್ಡು ಎಂಬ ಪಾಠ ನನಗೆ ಆದದ್ದು ಹೀಗೆ. ಬೇರೆ ಪಾಠ ಆಗಲಿಲ್ಲ.

ಆಮೇಲೆ ಅದಿರಿನ ಕಾಲ ಬಂತು. 2003ರ ಸುಮಾರಿಗೆ ಚೀನಾದ ಬೇಡಿಕೆ ಏರಿದಂತೆ ಸಂಡೂರಿನ ಗುಡ್ಡಗಳಿಂದ ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿ ದಾಟಿ ಅಂಕೋಲಾ ಬಳಿಯ ಬೇಲೆಕೇರಿ ಬಂದರಿನವರೆಗೆ ಲಾರಿಗಳ ಸಾಲು ಹತ್ತಿತು. ಡಿಗ್ರಿ ಅರ್ಧಕ್ಕೆ ಬಿಟ್ಟಿದ್ದ ನನ್ನಂಥ ಹುಡುಗರಿಗೆ ವೇಬ್ರಿಜ್‌ಗಳಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನಾನು ಕಲಿತದ್ದು, ಪರದೆಯ ಮೇಲೆ ಕಾಣುವ ತೂಕ ಬೇರೆ, ಚೀಟಿಯಲ್ಲಿ ಬರುವ ತೂಕ ಬೇರೆ ಎಂಬುದನ್ನು. ಪರ್ಮಿಟ್ ಎಷ್ಟಕ್ಕಿದೆಯೋ ಚೀಟಿ ಅಷ್ಟಕ್ಕೆ. ಉಳಿದ ಅದಿರಿಗೆ ಚೀಟಿಯಿಲ್ಲ, ಅದು ಸುಮ್ಮನೆ ಲಾರಿಯಲ್ಲಿ ಹೋಗುತ್ತದೆ. ಚೀಟಿ ಹಿಡಿದು ಅನುಮಾನದಿಂದ ನಿಂತ ಡ್ರೈವರಿಗೆ ನಾವು ಹೇಳುತ್ತಿದ್ದ ಮಾತು ಒಂದೇ: "ಪೇಪರ್ ಪ್ರಕಾರ ಸರಿ ಐತೆ, ಹೋಗು." ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳಲ್ಲಿ ಈ ಮಿತಿಮೀರಿದ ಭಾರದ ಸಂಗತಿ ಬರುತ್ತದೆ. ಆ ಭಾರಕ್ಕೆ ಹಾಳಾದ ರಸ್ತೆ, ಲಾರಿಯಡಿ ಸಿಕ್ಕ ಬೈಕುಗಳು ನಮ್ಮ ಕಡೆಯವರಿಗೆಲ್ಲ ಗೊತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ನನ್ನ ಕೆಲಸವೂ ಹೋಯಿತು. ಗಣಿಯ ಮಾಲೀಕರ ಬಗ್ಗೆ ಎಲ್ಲರೂ ಮಾತಾಡಿದರು. ಚೀಟಿ ಒತ್ತಿದವರ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಗ್ರಾನೈಟ್ ಯಾರ್ಡಿಗೆ ಸೇರಿದಾಗ ಆ ಕೈ ನನ್ನ ಜೊತೆಯೇ ಬಂದಿತ್ತು.

ಅಲ್ಲಿ ನನ್ನ ಕೆಲಸ ರಫ್ತಿನ ಕಾಗದಪತ್ರ. ಸ್ಲ್ಯಾಬುಗಳ ಅಳತೆ, ಪ್ಯಾಕಿಂಗ್ ಲಿಸ್ಟು, ಇನ್‌ವಾಯ್ಸು. ವಿಜಿಎಂ ನಿಯಮ ಬಂದಾಗ ಇದೊಂದು ಹೊಸ ಫಾರಂ ಎಂದಷ್ಟೇ ನನಗನ್ನಿಸಿದ್ದು. ಖಾಲಿ ಜಾಗ ತುಂಬಲು ಒಂದು ಸೂತ್ರ ಮಾಡಿಕೊಂಡೆ. ಇನ್‌ವಾಯ್ಸಿನ ಚದರ ಮೀಟರ್, ಗುಣಿಸು ದಪ್ಪ, ಗುಣಿಸು 2.7. ಗ್ರಾನೈಟಿನ ಒಂದು ಘನ ಮೀಟರ್ ಸುಮಾರು 2.7 ಟನ್ ತೂಗುತ್ತದೆಂಬುದು ಈ ಉದ್ಯೋಗದಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ಮರಕ್ಕೆ, ಉಕ್ಕಿನ ಪಟ್ಟಿಗೆ ಸೇರಿಸಿ 250 ಕೆ.ಜಿ. ಎಂದು ಯಾವತ್ತೋ ಹಿಡಿದದ್ದು ಹಾಗೇ ಉಳಿಯಿತು. ಖಾಲಿ ಕಂಟೇನರಿನ 2,250 ಕೂಡಿಸಿದರೆ ಉತ್ತರ. ವೇಬ್ರಿಜ್ ಚೀಟಿಯ ಸಂಖ್ಯೆ ಕೇಳುವ ಜಾಗದಲ್ಲಿ ನಮ್ಮ ಪ್ಯಾಕಿಂಗ್ ಲಿಸ್ಟಿನ ಸಂಖ್ಯೆ ಬರೆಯುತ್ತಿದ್ದೆ. ಯಾರೂ ತಿರುಗಿ ಕೇಳಲಿಲ್ಲ. ಕೇಳದೇ ಇದ್ದದ್ದನ್ನೇ ಒಪ್ಪಿಗೆ ಎಂದುಕೊಂಡೆ.

ಈಗ ಆ ಲೆಕ್ಕವನ್ನು ಬಿಡಿಸಿ ನೋಡಿದರೆ ಪ್ರತಿ ಹೆಜ್ಜೆಯಲ್ಲೂ ಒಂದೊಂದು ತೂತು ಕಾಣುತ್ತದೆ. ಹಂಪಿಯ ಗುಂಡುಗಳು, ಮೆಟ್ರಿ ಸುತ್ತಲ ಗುಡ್ಡಗಳು, ರಾಮನಗರದ ಕಡೆಯಿಂದ ಉದ್ದಕ್ಕೂ ಹಾದುಬರುವ ಕ್ಲೋಸ್‌ಪೇಟೆ ಗ್ರಾನೈಟಿನ ಸಾಲು, ಇವಕ್ಕೆಲ್ಲ 2.7 ಹತ್ತಿರದ ಲೆಕ್ಕ. ಆದರೆ ಅವತ್ತು ತುಂಬಿದ್ದು ಕರಿ ಕಲ್ಲು. ಈ ಗುಡ್ಡಗಳ ನಡುವೆಯೇ ಅಲ್ಲಲ್ಲಿ ಕಪ್ಪು ಪಟ್ಟಿಯಾಗಿ ನುಗ್ಗಿರುವ ಡಾಲರೈಟ್ ಜಾತಿಯದು, ಘನ ಮೀಟರಿಗೆ ಸುಮಾರು 3 ಟನ್. ಇನ್‌ವಾಯ್ಸಿನಲ್ಲಿ ಅದನ್ನೂ ಗ್ರಾನೈಟ್ ಎಂದೇ ಬರೆಯುತ್ತೇವೆ, ಹಾಗಾಗಿ ನನ್ನ ಸೂತ್ರ ಬದಲಾಗಲೇ ಇಲ್ಲ. ಒಂದೇ ಏಟಿಗೆ ನೂರಕ್ಕೆ ಹತ್ತು ಪಾಲು ಕಡಿಮೆ.

ಎರಡನೆಯದು ಅಳತೆ. ಸ್ಲ್ಯಾಬಿನ ಅಂಚು ಒರಟಾಗಿರುವುದರಿಂದ ಉದ್ದಕ್ಕೆ 5, ಅಗಲಕ್ಕೆ 5 ಸೆಂಟಿಮೀಟರ್ ಬಿಟ್ಟು ಉಳಿದದ್ದಕ್ಕೆ ಮಾತ್ರ ಕೊಳ್ಳುವವನು ದುಡ್ಡು ಕೊಡುವ ರೂಢಿ ಇದೆ. 280 ಸೆಂಟಿಮೀಟರ್ ಉದ್ದ, 170 ಅಗಲದ ಸ್ಲ್ಯಾಬು ಬಿಲ್ಲಿನಲ್ಲಿ 275 ಮತ್ತು 165 ಆಗುತ್ತದೆ. ನೂರಕ್ಕೆ ಹತ್ತಿರ ಹತ್ತಿರ ಐದು ಪಾಲು ಕಲ್ಲಿಗೆ ಬಿಲ್ಲಿಲ್ಲ. ಆದರೆ ಅದಕ್ಕೆ ಭಾರವಿದೆ, ಅದೂ ಹಡಗು ಹತ್ತುತ್ತದೆ. ಬಿಲ್ಲಿನಲ್ಲಿದ್ದ 400 ಚದರ ಮೀಟರ್ ನಿಜದಲ್ಲಿ 420 ಇತ್ತು. 2 ಸೆಂಟಿಮೀಟರ್ ದಪ್ಪಕ್ಕೆ, 3 ಟನ್ನಿನ ಲೆಕ್ಕಕ್ಕೆ, ಕಲ್ಲೇ 25,200 ಕೆ.ಜಿ. ನಾನು ಬರೆದದ್ದು 21,600. ಇನ್ನು ಮರ. ಸ್ಲ್ಯಾಬುಗಳನ್ನು ನೆಟ್ಟಗೆ ನಿಲ್ಲಿಸಿ ಬಂಡಲ್ ಕಟ್ಟಲು ಬಳಸುವ ತೊಲೆಗಳು, ಸಂದಿಗೆ ಬಡಿಯುವ ಬೆಣೆಗಳು, ಪಟ್ಟಿ ಎಲ್ಲ ಸೇರಿ ಏಳುನೂರು ಕೆ.ಜಿ. ಇತ್ತು. ಅವನ್ನು ಒಂದು ಸಲವಾದರೂ ಕಾಟಾಕ್ಕೆ ಇಟ್ಟು ನೋಡಿದ್ದರೆ ಸಾಕಿತ್ತು. ಕಾಟಾ ಯಾರ್ಡಿನಲ್ಲೇ ಇತ್ತು, ಗುಜರಿ ಕಬ್ಬಿಣ ಮಾರುವಾಗ ಬಳಸುತ್ತಿದ್ದೆವು.

ಗುಜರಿಗೆ ಕಾಟಾ, ಕಂಟೇನರಿಗೆ ಅಂದಾಜು ಏಕೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಉತ್ತರ ಸಿಕ್ಕಿದ್ದು ಅಪ್ಪನ ಕಾಟಾ ನೆನಪಾದಾಗ. ಗುಜರಿಯಲ್ಲಿ ಕಾಟಾದ ಆಚೆ ಒಬ್ಬ ನಿಂತಿರುತ್ತಾನೆ. ಕಂಟೇನರಿನ ಹಡಗು ಬಾಡಿಗೆ ಸಾಮಾನ್ಯವಾಗಿ ಪೆಟ್ಟಿಗೆಗೆ ಇಷ್ಟು ಎಂದು, ಕೆ.ಜಿ.ಗೆ ಇಷ್ಟು ಎಂದಲ್ಲ. ಕಲ್ಲಿನ ಬೆಲೆ ಚದರ ಮೀಟರಿಗೆ. ತೂಕ ನಾಲ್ಕು ಟನ್ ಹೆಚ್ಚಾದರೂ ಕಡಿಮೆಯಾದರೂ ನಮಗೂ, ಕೊಳ್ಳುವವನಿಗೂ ಒಂದು ರೂಪಾಯಿ ಆಚೀಚೆ ಆಗುವುದಿಲ್ಲ. ಜಗಳಕ್ಕೆ ಬರುವವರೇ ಇಲ್ಲದ ತೂಕ ಅದು. ಯಾರಿಗೂ ನಷ್ಟವಿಲ್ಲದ ಅಂಕಿ ಯಾರಿಗೂ ನೋವು ಮಾಡದು ಎಂದು ನಾನು ನಂಬಿಬಿಟ್ಟಿದ್ದೆ. ಕಾಟಾದ ಆಚೆ ಇದ್ದವರು ನನಗೆ ಕಾಣಲಿಲ್ಲ, ಅಷ್ಟೇ. ಅವರು ಇದ್ದರು.

ಮೊದಲನೆಯವನು ಆ ಟ್ರೇಲರಿನ ಡ್ರೈವರ್. ಬಳ್ಳಾರಿ, ಗುಂತಕಲ್ ದಾಟಿ ಗುತ್ತಿಯ ಹತ್ತಿರದಿಂದ ಫೋನ್ ಮಾಡಿದ್ದ. ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ, ಇಳಿಜಾರಿನಲ್ಲಿ ಬ್ರೇಕು ಬಿಸಿಯಾಗುತ್ತಿದೆ, ಭಾರ ಜಾಸ್ತಿ ಇದ್ದಂತಿದೆ, ತೂಕ ಸರಿ ಇದೆಯಾ ಎಂದು ಕೇಳಿದ. ವರ್ಷಗಟ್ಟಲೆ ಸ್ಟಿಯರಿಂಗ್ ಹಿಡಿದ ಮನುಷ್ಯನ ಮೈಗೆ ಗೊತ್ತಾದ ತೂಕ ಅದು. ನನ್ನ ಬಾಯಿಂದ ಬಂದ ಉತ್ತರ: "ಪೇಪರ್ ಪ್ರಕಾರ ಸರಿ ಐತೆ, ಹೋಗು." ಆ ಮಾತು ಎಲ್ಲಿಂದ ಬಂತೆಂದು ಆ ಕ್ಷಣ ನನಗೆ ಹೊಳೆಯಲಿಲ್ಲ. ಅವನು ಹೋದ. ಬ್ರೇಕು ಹಿಡಿಯಿತು. ಹಿಡಿಯದೇ ಹೋಗಿದ್ದರೆ ಎಂಬ ಯೋಚನೆ ಈಗಲೂ ಎಷ್ಟೋ ರಾತ್ರಿ ನಿದ್ದೆ ಕೆಡಿಸುತ್ತದೆ.

ಪೂರ್ವ ಕರಾವಳಿಯ ಆ ಬಂದರಿನಲ್ಲಿ ಗೇಟಿನ ಬಳಿ ತೂಗಿದರು. ಘೋಷಣೆಗೂ ತೂಕಕ್ಕೂ ತಾಳೆಯಾಗಲಿಲ್ಲ, ಪೆಟ್ಟಿಗೆ ನಿಂತಿತು. ಹಡಗಿನ ಲೋಡಿಂಗ್ ಪ್ಲಾನ್ ಆಗಲೇ ಸಿದ್ಧವಾಗಿತ್ತು, ನನ್ನ 24,100ನ್ನು ನಂಬಿ. ಪ್ಲಾನಿಂಗ್ ವಿಭಾಗದ ಹಿರಿಯರೊಬ್ಬರು ಫೋನಿನಲ್ಲಿ ಸಿಕ್ಕರು. ನಾನು ಅವರಲ್ಲಿ ಕೇಳಿದ ಮಾತನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಅಷ್ಟು ದೊಡ್ಡ ಹಡಗು ನಾಲ್ಕು ಟನ್ನಿಗೆ ಮುಳುಗುತ್ತಾ ಸಾರ್ ಎಂದೆ.

ಅವರು ಸಿಟ್ಟಾಗಲಿಲ್ಲ, ವಿವರಿಸಿದರು. ಇಡೀ ಹಡಗಿನ ಭಾರಕ್ಕೆ ನಾಲ್ಕು ಟನ್ ಏನೂ ಅಲ್ಲ. ಪ್ರಶ್ನೆ ಆ ನಾಲ್ಕು ಟನ್ ಎಲ್ಲಿ ಕೂತಿದೆ ಎಂಬುದು. ಡೆಕ್ಕಿನ ಮೇಲೆ ಕಂಟೇನರುಗಳನ್ನು ಒಂದರ ಮೇಲೊಂದು ಆರೇಳು ಸಾಲು ಪೇರಿಸುತ್ತಾರೆ. ನಮ್ಮ ಕಡೆ ಚೀಲದ ನಿಟ್ಟು ಹಾಕುವವನು ಭಾರದ್ದನ್ನು ಕೆಳಗೆ, ಹಗುರದ್ದನ್ನು ಮೇಲೆ ಇಡುವಂತೆಯೇ ಇಲ್ಲೂ. ಆದರೆ ಹಮಾಲ ಚೀಲವನ್ನು ಬೆನ್ನ ಮೇಲೆ ಹೊತ್ತು ತಿಳಿಯುತ್ತಾನೆ. ಹಡಗಿನವರಿಗೆ ತಿಳಿಯುವುದು ಕಾಗದದಿಂದ ಮಾತ್ರ, ಪೆಟ್ಟಿಗೆಗಳೆಲ್ಲ ಹೊರಗಿನಿಂದ ಒಂದೇ ಥರ. ಹಗುರವೆಂದು ಸುಳ್ಳು ಹೇಳಿದ ಪೆಟ್ಟಿಗೆ ಮೇಲಿನ ಸಾಲಿಗೆ ಹೋಗುತ್ತದೆ. ಸಮುದ್ರ ಕೆರಳಿ ಹಡಗು ಎಡಕ್ಕೂ ಬಲಕ್ಕೂ ವಾಲಿದಾಗ ಅತಿ ಹೆಚ್ಚು ಬೀಸುವುದು ಮೇಲಿನದೇ. ಅದನ್ನು ಬಿಗಿದ ರಾಡುಗಳು, ಮೂಲೆಗಳನ್ನು ಕಚ್ಚಿ ಹಿಡಿದ ಲಾಕುಗಳು ಬರೆದಿರುವ ತೂಕಕ್ಕೆ ಲೆಕ್ಕ ಹಾಕಿದವು. ಕೆಳಗಿನ ಕಂಟೇನರಿನ ಮೂಲೆಗಂಬಗಳೂ ಹಾಗೆಯೇ. ಒಂದು ಕಂಬ ಕುಸಿದರೆ ಸಾಲೇ ಪಕ್ಕದ ಸಾಲಿನ ಮೇಲೆ ಬೀಳುತ್ತದೆ. ಕೆಳಗೆ ರಾಡು ಬಿಗಿ ಮಾಡಲು ಹೋದ ಹುಡುಗ ಇರಬಹುದು. ಅವನೂ ನಮ್ಮ ಕಡೆಯವನೇ ಆಗಿರಬಹುದು, ಹಡಗಿನ ಕೆಲಸಕ್ಕೆ ನಮ್ಮ ದೇಶದವರು ಎಷ್ಟು ಜನ ಹೋಗುತ್ತಾರೆ ಎಂದರು ಅವರು. ಆಮೇಲೆ ಒಂದು ಹಡಗಿನ ಹೆಸರು ಹೇಳಿ ಓದಿ ನೋಡಿ ಎಂದರು.

ಎಂಎಸ್‌ಸಿ ನಪೋಲಿ. 2007ರ ಜನವರಿ 18ರಂದು ಇಂಗ್ಲಿಷ್ ಕಾಲುವೆಯ ಬಿರುಗಾಳಿಯಲ್ಲಿ ಅದರ ಒಡಲು ಬಿರುಕುಬಿಟ್ಟಿತು. 26 ಮಂದಿ ಸಿಬ್ಬಂದಿ ಲೈಫ್‌ಬೋಟಿಗೆ ಇಳಿದರು, ಹೆಲಿಕಾಪ್ಟರುಗಳು ಬಂದು ಎತ್ತಿಕೊಂಡವು, ಎಲ್ಲರೂ ಉಳಿದರು. ಹಡಗನ್ನು ಇಂಗ್ಲೆಂಡಿನ ಡೆವನ್ ತೀರದ ಬ್ರಾನ್ಸ್‌ಕೂಮ್ ಬಳಿ ನೆಲಕ್ಕೆ ಹಚ್ಚಿದರು. ಬ್ರಿಟನ್ನಿನ ಕಡಲ ಅಪಘಾತ ತನಿಖಾ ವಿಭಾಗದವರು ಡೆಕ್ಕಿನ ಮೇಲೆ ನೆನೆಯದೆ ಉಳಿದಿದ್ದ ಸುಮಾರು 660 ಕಂಟೇನರುಗಳನ್ನು ತೂಗಿಸಿದರು. 137 ಕಂಟೇನರುಗಳಲ್ಲಿ ಬರೆದ ತೂಕಕ್ಕೂ ನಿಜವಾದ ತೂಕಕ್ಕೂ 3 ಟನ್ನಿಗಿಂತ ಹೆಚ್ಚು ವ್ಯತ್ಯಾಸ. ಒಂದರಲ್ಲಂತೂ 20 ಟನ್. ಆ 137 ಸೇರಿ ಕಾಗದಕ್ಕಿಂತ 312 ಟನ್ ಭಾರ. ಹಡಗು ಸೀಳಿದ್ದಕ್ಕೆ ಇದೇ ಮುಖ್ಯ ಕಾರಣವೆಂದು ತನಿಖೆ ಹೇಳಲಿಲ್ಲ. ಹಡಗಿನ ರಚನೆಯಲ್ಲೇ ದುರ್ಬಲತೆಯಿತ್ತು. ಆದರೆ ಬಿರುಗಾಳಿಯ ದಿನಕ್ಕೆಂದು ಇಟ್ಟುಕೊಂಡ ಬಲದ ಉಳಿತಾಯವನ್ನು ಇಂಥ ಸುಳ್ಳು ತೂಕಗಳು ತಿಂದುಹಾಕುತ್ತವೆ. 3 ಟನ್ನಿಗಿಂತ ಹೆಚ್ಚು ಎಂಬ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ನನ್ನದು ನಾಲ್ಕು.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಕಂಟೇನರಿನ ತಟ್ಟೆಯ ಮೇಲಿದ್ದ ಮಿತಿ 30,480 ಕೆ.ಜಿ., ಅದು ದಾಟಿರಲಿಲ್ಲ, ಹಾಗಾಗಿ ಕಲ್ಲು ಇಳಿಸಬೇಕಾಗಲಿಲ್ಲ. ತಿದ್ದಿದ ವಿಜಿಎಂ ಕೊಡುವಷ್ಟರಲ್ಲಿ ಆ ಹಡಗಿನ ಗಡುವು ಮುಗಿದಿತ್ತು, ಮುಂದಿನದರಲ್ಲಿ ಹೋಯಿತು. ಬಂದರಿನ ಬಾಡಿಗೆ, ಟ್ರೇಲರ್ ನಿಂತದ್ದಕ್ಕೆ ದಂಡ ಎಲ್ಲ ಬಂತು. ಡ್ರೈವರ್ ಬಿಸಿಲಿನಲ್ಲಿ ಕಾದು ಕೂತಿದ್ದ. ಅವನಿಗೆ ಫೋನ್ ಮಾಡಿ, ನೀನು ಹೇಳಿದ್ದೇ ಸರಿ, ತಪ್ಪು ನನ್ನದು ಎಂದೆ. "ಇರ್ಲಿ ಬಿಡ್ರಿ, ಇಳಿಜಾರಿನಾಗ ಏನೂ ಆಗ್ಲಿಲ್ಲಲ್ಲ" ಎಂದ. ಮಾಲೀಕರು ಒಟ್ಟು ಎಷ್ಟು ದುಡ್ಡು ಹೋಯಿತು ಎಂದಷ್ಟೇ ಕೇಳಿದರು. ಹೇಳಿದೆ. ಅವರಿಗೂ ತೂಕವೆಂದರೆ ದುಡ್ಡೇ. ನನ್ನ ಹಾಗೆಯೇ ಅವರೂ ಇದೇ ಸೀಮೆಯವರು.

ಆ ವಾರ ಹಳೆಯ ಫೈಲುಗಳನ್ನು ತೆಗೆದು ಕೂತೆ. ಕರಿ ಕಲ್ಲಿನ ಕಂಟೇನರುಗಳನ್ನು ಒಂದೊಂದಾಗಿ ಹೊಸ ಲೆಕ್ಕಕ್ಕೆ ಹಚ್ಚಿದೆ. ಎಲ್ಲವೂ ಕಡಿಮೆ ಬರೆದವೇ. ಕೆಲವು ಎರಡು ಟನ್, ಕೆಲವು ಮೂರು. ಎಲ್ಲವೂ ಕ್ಷೇಮವಾಗಿ ತಲುಪಿದ್ದವು, ಕಲ್ಲುಗಳು ಆಗಲೇ ಯಾರದೋ ಅಡುಗೆಮನೆಯ ಕಟ್ಟೆಯಾಗಿದ್ದವು. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಅವು ಯಾವ ಯಾವ ಸಾಲಿನಲ್ಲಿ, ಯಾರ ತಲೆಯ ಮೇಲೆ ಕೂತು ಹೋದವೆಂದು ತಿಳಿಯಲು ಈಗ ದಾರಿಯಿಲ್ಲ. ಅದಿರಿನ ಲಾರಿಗಳ ಚೀಟಿಗಳದ್ದಂತೂ ಫೈಲೂ ಇಲ್ಲ.

ಈಗ ನಾವು ತೂಗುತ್ತೇವೆ. ಖಾಲಿ ಕಂಟೇನರ್ ಹೊತ್ತು ಬಂದ ಟ್ರೇಲರನ್ನು ಮೊದಲು ವೇಬ್ರಿಜ್ ಮೇಲೆ ನಿಲ್ಲಿಸುತ್ತೇವೆ, ತುಂಬಿದ ಮೇಲೆ ಮತ್ತೆ ನಿಲ್ಲಿಸುತ್ತೇವೆ. ವ್ಯತ್ಯಾಸವೇ ಸರಕಿನ ತೂಕ, ಅದಕ್ಕೆ ಬಾಗಿಲ ಮೇಲಿನ ಖಾಲಿ ತೂಕ. ಹೇಳಲು ಸುಲಭ, ಮಾಡುವಾಗ ತಪ್ಪು ನುಸುಳುವ ಜಾಗ ಎಷ್ಟೊಂದು. ನಡುವೆ ಡ್ರೈವರ್ ಡೀಸೆಲ್ ಹಾಕಿಸಿದರೆ 200 ಲೀಟರಿಗೆ ಸುಮಾರು 165 ಕೆ.ಜಿ. ಏರುತ್ತದೆ. ಒಮ್ಮೆ ಕ್ಲೀನರ್ ಕ್ಯಾಬಿನ್ನಿನಲ್ಲಿದ್ದು ಇನ್ನೊಮ್ಮೆ ಇಳಿದಿದ್ದರೂ ಅಂಕಿ ಬೇರೆ. ವೇಬ್ರಿಜ್‌ಗೆ ಕಾನೂನು ಮಾಪನ ಇಲಾಖೆಯ ಆ ವರ್ಷದ ಮುದ್ರೆ ಇದೆಯೇ ಎಂದು ಕೇಳಿ ನೋಡಬೇಕು. ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಒಂದೇ ಟ್ರೇಲರಿನಲ್ಲಿ ಎರಡು ಕಂಟೇನರ್ ಹೋಗುವ ಹಗುರ ಸರಕಾದರೆ ಒಟ್ಟು ತೂಕವನ್ನು ಎರಡರಿಂದ ಭಾಗಿಸಿ ಬರೆಯುವಂತಿಲ್ಲ, ಬೇರೆಬೇರೆಯೇ ತೂಗಬೇಕೆಂದು ಕಡಲ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆ. ನನ್ನ ಹಳೆಯ ಸೂತ್ರವನ್ನು ಬಿಸಾಕಲಿಲ್ಲ. ಕರಿ ಕಲ್ಲಿಗೆ 3, ಒರಟು ಅಂಚೂ ಸೇರಿದ ಪೂರ್ತಿ ಅಳತೆ, ತೂಗಿದ ಮರ, ಹೀಗೆ ಸರಿಮಾಡಿ ಗೋಡೆಗೆ ಅಂಟಿಸಿದ್ದೇವೆ. ತೂಕ ಬರೆಯುವುದಕ್ಕಲ್ಲ. ಚೀಟಿಗೂ ಸೂತ್ರಕ್ಕೂ 300 ಕೆ.ಜಿ.ಗಿಂತ ಹೆಚ್ಚು ಅಂತರ ಬಂದರೆ ಬಾಗಿಲಿಗೆ ಸೀಲು ಬೀಳುವುದಿಲ್ಲ, ಕಾರಣ ಹುಡುಕುತ್ತೇವೆ.

ಈಚೆಗೆ ಕಂಪ್ಲಿಯ ಅಕ್ಕಿ ಮಿಲ್ಲಿನ ಪರಿಚಯದವರೊಬ್ಬರು ಮೊದಲ ಸಲ ಕೊಲ್ಲಿ ದೇಶಕ್ಕೆ ಕಂಟೇನರ್ ಕಳಿಸುವಾಗ ಕೇಳಿದರು: 25 ಕೆ.ಜಿ.ಯ ಸಾವಿರ ಚೀಲ, ಇದರಲ್ಲಿ ತೂಗುವುದೇನಿದೆ, ಗುಣಿಸಿದರೆ ಸಾಲದೇ? ಖಾಲಿ ಚೀಲದ ತೂಕ ಎಷ್ಟು, ಒಳಗೆ ಹಾಸುವ ಕಾಗದ, ತೇವ ಹೀರುವ ಪೊಟ್ಟಣಗಳು ಎಷ್ಟು ಎಂದು ನಾನು ಕೇಳಿದೆ. ಅವರ ಹತ್ತಿರ ಉತ್ತರವಿರಲಿಲ್ಲ. ಈ ಅಂಕಿಗಾಗಿ ನಿಮ್ಮ ಜೊತೆ ಜಗಳಕ್ಕೆ ಯಾರೂ ಬರುವುದಿಲ್ಲ, ಅದಕ್ಕೇ ತೂಗಿಸಿ ಎಂದು ನನ್ನ ಕರಿ ಕಲ್ಲಿನ ಕಥೆಯನ್ನು ಪೂರ್ತಿ ಹೇಳಿದೆ. ಮರುದಿನ ಸಂಜೆ ವೇಬ್ರಿಜ್ ಚೀಟಿಗಳ ಫೋಟೋ ಕಳಿಸಿದರು. ಅವರ ಗುಣಾಕಾರಕ್ಕೂ ಚೀಟಿಗೂ 180 ಕೆ.ಜಿ. ವ್ಯತ್ಯಾಸ ಇತ್ತು. ಫಾರಂನಲ್ಲಿ ಚೀಟಿಯ ತೂಕ ಬರೆದು ಸಹಿ ಹಾಕಿದರು.